ಕೆಳಗಿನ ಹಲ್ಲಿನ ಸೆಟ್ ಏಳುತ್ತದೆ, ಅಂಗುಳ ಕೆಂಪಾಗಿದೆ: ರಿಲೈನಿಂಗ್ ಸಾಕೋ, ಹೊಸ ಸೆಟ್ ಬೇಕೋ?

ಆರೈಕೆ_ಶಿಫ್ಟ್

ಮನೆಗಳಿಗೆ ಹೋಗಿ ಹಿರಿಯರನ್ನು ನೋಡಿಕೊಳ್ಳುವ ನರ್ಸ್ ನಾನು. ಈಗಿನ ಮನೆಯ ವಿವರ ಕೊಡುತ್ತೇನೆ, ತಿಳಿದವರು ದಯವಿಟ್ಟು ಹೇಳಿ.

ಅಜ್ಜಿಗೆ 74 ವರ್ಷ. ಸ್ವಂತ ಹಲ್ಲು ಒಂದೂ ಇಲ್ಲ. ಮೇಲೆ, ಕೆಳಗೆ ಪೂರ್ತಿ ಅಕ್ರಿಲಿಕ್ ಸೆಟ್, ಮಾಡಿಸಿ ನಾಲ್ಕು ವರ್ಷ. ಮೇಲಿನದು ಗಟ್ಟಿಯಾಗಿ ಕೂರುತ್ತದೆ. ಕೆಳಗಿನದು ಮಾತಾಡುವಾಗ ಏಳುತ್ತದೆ, ಊಟದಲ್ಲಿ ಅದರಡಿ ಅನ್ನದಗುಳು ಸೇರಿ ವಸಡು ಉರಿಯುತ್ತದೆ. ಅಂಟಿನ ಪುಡಿ ದಿನಕ್ಕೆ ಮೂರು ಸಲ ಹಾಕುತ್ತಾರೆ. ಬೊಚ್ಚು ಬಾಯಲ್ಲಿ ಇರಲು ಸಂಕೋಚವೆಂದು ರಾತ್ರಿಯೂ ತೆಗೆಯುವುದಿಲ್ಲ. ಮೇಲಿನದನ್ನು ತೆಗೆಸಿ ಟಾರ್ಚ್ ಹಾಕಿ ನೋಡಿದರೆ ಅಂಗುಳವೆಲ್ಲ ಕೆಂಪು. ಸೆಟ್ಟಿನ ಅಂಚು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಆ ಕೆಂಪು ಗೆರೆ ಎಳೆದ ಹಾಗೆ ನಿಂತಿದೆ. ನೋವಿಲ್ಲ ಅನ್ನುತ್ತಾರೆ. ಎರಡೂ ಕಟಬಾಯಿ ಒಡೆದಿದೆ.

ಮಾತ್ರೆಗಳು: ಹೃದಯದ ಕೃತಕ ಕವಾಟಕ್ಕೆ ಅಸಿಟ್ರೋಮ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವುದು), ಶುಗರಿಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್, ಕಾಲುರಿಗೆ ರಾತ್ರಿ ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 8.1. ಬಾಯಿ ಒಣಗುತ್ತದೆ ಎಂಬ ದೂರು ಮೊದಲಿನಿಂದಲೂ ಇದೆ. ಮೊನ್ನೆ ಮೆಡಿಕಲ್ ಶಾಪಿನಿಂದ ಫಂಗಸ್ಸಿಗೆ ಹಚ್ಚುವ ಮೈಕೊನಜೋಲ್ ಬಾಯಿ ಜೆಲ್ ತಂದು ಎರಡು ದಿನದಿಂದ ಹಚ್ಚುತ್ತಿದ್ದಾರೆ.

ಕೆಳಗಿನದಕ್ಕೆ ರಿಲೈನಿಂಗ್ (ಒಳಮೈಗೆ ಹೊಸ ಪದರ ಹಾಕಿ ಈಗಿನ ವಸಡಿಗೆ ಹೊಂದಿಸುವುದು) ಮಾಡಿಸಿದರೆ ಸಾಕೇ? ಇಂಪ್ಲಾಂಟ್ (ದವಡೆಯ ಮೂಳೆಗೆ ಕೂರಿಸುವ ಲೋಹದ ತಿರುಪು) ಹಾಕಿಸೋಣ ಎಂದು ಮಗ ಕೇಳುತ್ತಿದ್ದಾರೆ.

ಮಾತ್ರೆಪೆಟ್ಟಿಗೆ

ಸೆಟ್ಟಿನ ಮಾತು ಆಮೇಲೆ. ಆ ಜೆಲ್ ಈಗಲೇ ನಿಲ್ಲಿಸಿ.

ಮೈಕೊನಜೋಲ್ ಬಾಯಿಗೆ ಹಚ್ಚಿದ್ದು ಬಾಯಲ್ಲೇ ಉಳಿಯುವುದಿಲ್ಲ. ನುಂಗಿದ್ದು ರಕ್ತಕ್ಕೆ ಸೇರಿ, ಅಸಿಟ್ರೋಮನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕಿಣ್ವವನ್ನು ತಡೆಯುತ್ತದೆ. ಕೆಲವೇ ದಿನಗಳಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬ ಅಳತೆ) ಅಪಾಯದ ಮಟ್ಟಕ್ಕೆ ಏರಬಹುದು. ಅದೇ ಗುಂಪಿನ ವಾರ್ಫರಿನ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಗ್ಲಿಮೆಪಿರೈಡ್ ಜೊತೆಗೂ ಅದಕ್ಕೆ ಹೊಂದಿಕೆಯಿಲ್ಲ, ಶುಗರ್ ದಿಢೀರ್ ಇಳಿಯಬಹುದು. ಎರಡು ದಿನ ಹಚ್ಚಿದ್ದಾರೆ ಅಂದಿರಿ. ನಾಳೆ ಬೆಳಿಗ್ಗೆಯೇ ಐಎನ್‌ಆರ್ ಮಾಡಿಸಿ, ಜೆಲ್ ಬಿಟ್ಟ ಮೇಲೂ ಒಂದೆರಡು ವಾರ ಹೃದಯದ ಡಾಕ್ಟರ್ ಹೇಳಿದ ದಿನಗಳಂದು ಮತ್ತೆ ನೋಡಿಸಿ. ಮೈಮೇಲೆ ನೀಲಿ ಕಲೆ, ಕೆಂಪು ಮೂತ್ರ, ಟಾರಿನಂಥ ಕಪ್ಪು ಮಲ, ಹೊಸದಾಗಿ ಜೋರು ತಲೆನೋವು, ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ. ಆದರೆ ಅಸಿಟ್ರೋಮನ್ನು ನೀವಾಗಿ ನಿಲ್ಲಿಸಬೇಡಿ. ಕೃತಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುವುದು ರಕ್ತಸ್ರಾವಕ್ಕಿಂತ ಕಡಿಮೆ ಅಪಾಯವಲ್ಲ.

ಅಂಗುಳದ ಆ ಕೆಂಪು ಸೆಟ್ಟಿನಡಿಯ ಫಂಗಸ್ಸಿನದು ಅನ್ನಿಸುತ್ತದೆ. ಅದಕ್ಕೆ ಜೆಲ್ ಬದಲಿಗೆ ನಿಸ್ಟಾಟಿನ್ ಹನಿ ಸೂಕ್ತ, ಅದು ಕರುಳಿನಿಂದ ರಕ್ತಕ್ಕೆ ಸೇರುವುದು ಇಲ್ಲವೆನ್ನುವಷ್ಟು ಕಡಿಮೆ. ಮಿ.ಲೀ.ಗೆ 1 ಲಕ್ಷ ಯೂನಿಟ್ಟಿನದು, 1 ಮಿ.ಲೀ. ದಿನಕ್ಕೆ ನಾಲ್ಕು ಸಲ, ಊಟವಾದ ಮೇಲೆ, ಸೆಟ್ ತೆಗೆದಿಟ್ಟು. ಬಾಯಲ್ಲಿ ಆದಷ್ಟು ಹೊತ್ತು ಹಿಡಿದಿಟ್ಟುಕೊಳ್ಳಲಿ. ಕೆಂಪು ಹೋದ ಮೇಲೂ 48 ಗಂಟೆ ಮುಂದುವರಿಸುವುದು ಪದ್ಧತಿ. ಇದನ್ನೂ ಡಾಕ್ಟರ ಚೀಟಿಯಲ್ಲೇ ಬರೆಸಿಕೊಳ್ಳಿ. ನಿಸ್ಟಾಟಿನ್ ಸಿಗದೆ ಕ್ಲೋಟ್ರಿಮಜೋಲ್ ಮೌತ್ ಪೇಂಟ್ ಬರೆದುಕೊಟ್ಟರೆ, ಅಸಿಟ್ರೋಮ್ ಇದೆ ಎಂದು ಬಾಯಿಬಿಟ್ಟು ಹೇಳಿ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬಳಸಿದರೆ ಅದಕ್ಕೂ ನಿಸ್ಟಾಟಿನ್‌ಗೂ ನಡುವೆ ಒಂದು ಗಂಟೆಯಾದರೂ ಬಿಡಿ, ಒಟ್ಟಿಗೆ ಸೇರಿದರೆ ನಿಸ್ಟಾಟಿನ್ ಕೆಲಸ ಮಾಡುವುದಿಲ್ಲ.

ಬಾಯಿ ಒಣಗಲು ಅಮಿಟ್ರಿಪ್ಟಿಲಿನ್ ಒಂದೇ ಸಾಕು. ಶೀತಕ್ಕೆಂದು ಸಿಪಿಎಂ (ಕ್ಲೋರ್‌ಫೆನಿರಮಿನ್) ಇರುವ ಮಾತ್ರೆಯನ್ನೂ ನುಂಗುತ್ತಿದ್ದರೆ ಇನ್ನೂ ಹೆಚ್ಚು. ಕಾಲುರಿಗೆ ಬೇರೆ ಮಾತ್ರೆ ಆಗುತ್ತದೆಯೇ ಎಂದು ಬರೆದುಕೊಟ್ಟವರನ್ನೇ ಕೇಳಿ.

ದಂತಪಂಕ್ತಿ

ಮೇಲಿನವರು ಹೇಳಿದ್ದನ್ನು ಮೊದಲು ಮಾಡಿ. ಈಗ ಸೆಟ್ಟಿನ ವಿಷಯ.

ಕೆಳಗಿನ ಸೆಟ್ ನಿಲ್ಲದಿರುವುದಕ್ಕೆ ವಯಸ್ಸನ್ನು ದೂರುವುದು ವಾಡಿಕೆ. ನಿಜವಾದ ಕಾರಣ ಅಳತೆಯದು. ಮೇಲಿನ ಸೆಟ್ ಕೂರಲು ಅಂಗುಳವೂ ಸೇರಿ ಸುಮಾರು 23 ಚದರ ಸೆಂ.ಮೀ. ಜಾಗ ಸಿಗುತ್ತದೆ, ಕೆಳಗಿನದಕ್ಕೆ ಅದರ ಅರ್ಧದಷ್ಟು, 12ರ ಆಸುಪಾಸು. ಮೇಲಿನದನ್ನು ಜೊಲ್ಲಿನ ತೆಳು ಪದರ ಹೀರಿ ಹಿಡಿಯುತ್ತದೆ. ಕೆಳಗಿನದು ನಾಲಿಗೆ, ಕೆನ್ನೆ, ತುಟಿ ಮೂರರ ನಡುವೆ ಸಿಕ್ಕಿ ಪ್ರತಿ ಮಾತಿಗೂ ಅಲ್ಲಾಡುತ್ತದೆ. ಸಾಲದ್ದಕ್ಕೆ, ಹಲ್ಲು ಕಿತ್ತ ಮೇಲೆ ದವಡೆಯ ಏಣು ಮಳೆಗೆ ಸವೆಯುವ ಗದ್ದೆಬದುವಿನ ಹಾಗೆ ಕರಗುತ್ತದೆ. ಮೊದಲ ವರ್ಷ ಅತಿ ವೇಗ, ಆಮೇಲೆ ನಿಧಾನ, ಆದರೆ ನಿಲ್ಲುವುದಿಲ್ಲ. ದೀರ್ಘಕಾಲ ಹಿಂಬಾಲಿಸಿ ಅಳೆದಾಗ ಕೆಳದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಕರಗಿದ್ದು ಕಂಡಿದೆ. ಸೆಟ್ ಮಾತ್ರ ನಾಲ್ಕು ವರ್ಷದ ಹಿಂದಿನ ಅಳತೆಯಲ್ಲೇ ಇದೆ. ಹಾಗಾಗಿ ಅಜ್ಜಿ ಸಹಿಸಿಕೊಳ್ಳಬೇಕಾದ ಸಂಗತಿ ಇದಲ್ಲ, ಸರಿಪಡಿಸಬಹುದಾದದ್ದು.

ಡಾಕ್ಟರ ಹತ್ತಿರ ಹೋಗುವ ಮುಂಚೆ ಕೈತೊಳೆದುಕೊಂಡು ನೀವೇ ಮೂರು ಪರೀಕ್ಷೆ ಮಾಡಿ, ಪುಡಿ ಹಾಕದೆ.

ಸೆಟ್ ಕೂರಿಸಿ, ಅಜ್ಜಿ ಬಾಯನ್ನು ಅರ್ಧ ಮಾತ್ರ ತೆರೆಯಲಿ, ನಾಲಿಗೆ ತುದಿ ಕೆಳಗಿನ ಮುಂದಿನ ಹಲ್ಲಿಗೆ ತಾಗಿರಲಿ. ಹಾಗಿದ್ದೂ ಸೆಟ್ ತಾನಾಗಿ ಮೇಲೆದ್ದರೆ ಅಂಚು ಎಲ್ಲೋ ಉದ್ದವಾಗಿದೆ, ಸ್ನಾಯು ಅದನ್ನು ತಳ್ಳುತ್ತಿದೆ. ನಾಲಿಗೆ ಹಿಂದಕ್ಕೆ ಎಳೆದುಕೊಂಡಾಗ ಮಾತ್ರ ಎದ್ದರೆ ಅದು ಅಭ್ಯಾಸದ ತೊಂದರೆ, ನಾಲಿಗೆಯನ್ನು ಮುಂದಿಡುವುದನ್ನು ಕಲಿಸಿದರೆ ಅರ್ಧ ವಾಸಿ.

ಎಡಗಡೆ ದವಡೆಹಲ್ಲಿನ ಮೇಲೆ ಬೆರಳಿಟ್ಟು ನೇರ ಕೆಳಗೆ ಅದುಮಿ. ಬಲಗಡೆ ಎದ್ದರೆ ತಳ ವಸಡಿಗೆ ಹೊಂದುತ್ತಿಲ್ಲ.

ಹಲ್ಲು ಕಚ್ಚಿಸಿ ಮುಖವನ್ನು ಪಕ್ಕದಿಂದ ನೋಡಿ. ಗಲ್ಲ ಮೂಗಿನ ಹತ್ತಿರ ಬಂದಿದ್ದರೆ, ಕಟಬಾಯಿ ಮಡಿಚಿಕೊಂಡು ಅಲ್ಲಿ ಜೊಲ್ಲು ನಿಲ್ಲುತ್ತಿದ್ದರೆ ಹಲ್ಲು ಸವೆದು ಎತ್ತರ ಕಳೆದುಹೋಗಿದೆ. ಕಟಬಾಯಿ ಒಡೆಯಲು ಇದೂ ಕಾರಣ, ಬರೀ ವಿಟಮಿನ್ ಮಾತ್ರೆಯಿಂದ ಅದು ಹೋಗುವುದಿಲ್ಲ.

ಎರಡನೆಯದು ಮಾತ್ರ ತಪ್ಪಿ ಎತ್ತರ ಸರಿಯಿದ್ದರೆ ರಿಲೈನಿಂಗ್ ಸಾಕು. ಎತ್ತರವೂ ಹೋಗಿದ್ದರೆ ಎರಡನ್ನೂ ಹೊಸದಾಗಿ ಮಾಡಿಸಬೇಕು. ಕೆಳಗಿನದೊಂದನ್ನೇ ಮಾಡಿಸಿದರೆ ಸವೆದ ಮೇಲಿನ ಹಲ್ಲಿಗೆ ಹೊಂದಿಸಲು ಹೋಗಿ ಹಳೆಯ ತಪ್ಪೇ ಮರುಕಳಿಸುತ್ತದೆ.

ಯಾವುದೇ ಆಗಲಿ, ಕೆಂಪು ವಾಸಿಯಾಗುವ ಮುಂಚೆ ಅಳತೆ ತೆಗೆಸಬೇಡಿ. ಊದಿದ ಅಂಗುಳದ ಮೇಲೆ, ಒತ್ತಿ ಜಜ್ಜಿದ ವಸಡಿನ ಮೇಲೆ ತೆಗೆದ ಅಳತೆ ಊತಕ್ಕೆ ಹೊಂದುವ ಸೆಟ್ ಕೊಡುತ್ತದೆ, ಬಾಯಿಗೆ ಹೊಂದುವುದನ್ನಲ್ಲ. ಊತ ಇಳಿದ ಎರಡನೇ ವಾರಕ್ಕೆ ಅದೂ ಸಡಿಲ. ಎರಡು ವಾರ ಚಿಕಿತ್ಸೆ, ಪ್ರತಿ ರಾತ್ರಿ ಸೆಟ್ ಹೊರಗೆ, ಕೊನೆಯ ಅಳತೆಗೆ ಮುಂಚೆ ಒಂದೆರಡು ದಿನ ಸೆಟ್ಟನ್ನೇ ಹಾಕದಿದ್ದರೆ ಉತ್ತಮ. ಅಷ್ಟು ಹೊತ್ತು ಇರಲಾಗದಿದ್ದರೆ ಡಾಕ್ಟರ್ ಒಳಗೆ ಟಿಶ್ಯೂ ಕಂಡೀಷನರ್ ಎಂಬ ಮೆತ್ತನೆ ಪದರ ಹಾಕಿಕೊಡುತ್ತಾರೆ. ಅದನ್ನು ಹೆಚ್ಚೆಂದರೆ ವಾರಕ್ಕೊಮ್ಮೆ ಬದಲಿಸಬೇಕು, ಬಿಟ್ಟರೆ ಗಟ್ಟಿಯಾಗಿ ಫಂಗಸ್ಸಿನ ಗೂಡಾಗುತ್ತದೆ.

ಅಳತೆಗಾಗಲೀ ಸೆಟ್ ಉಜ್ಜಿ ಸರಿಮಾಡುವುದಕ್ಕಾಗಲೀ ಅಸಿಟ್ರೋಮ್ ನಿಲ್ಲಿಸಬೇಕಿಲ್ಲ. ಇಂಪ್ಲಾಂಟ್ ಮಾತು ಬೇರೆ. ಕೆಳದವಡೆಯ ಮುಂಭಾಗದಲ್ಲಿ ಎರಡು ಇಂಪ್ಲಾಂಟ್ ನಿಲ್ಲಿಸಿ ಸೆಟ್ಟನ್ನು ಗುಂಡಿಯ ಹಾಗೆ ಅದಕ್ಕೆ ಸಿಕ್ಕಿಸುವುದು ನಿಜಕ್ಕೂ ಒಳ್ಳೆಯ ಪರಿಹಾರ. 2002ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹಲ್ಲಿಲ್ಲದ ಕೆಳದವಡೆಗೆ ಇದನ್ನೇ ಮೊದಲ ಆಯ್ಕೆಯೆಂದು ಸೂಚಿಸಿದರು. ಈ ಅಜ್ಜಿಗಾದರೆ ಶುಗರ್ ಇನ್ನೂ ಇಳಿಯಬೇಕು, ಐಎನ್‌ಆರ್ ಸ್ಥಿರವಾಗಬೇಕು, ಕವಾಟ ಇರುವುದರಿಂದ ಶಸ್ತ್ರಚಿಕಿತ್ಸೆಗೆ ಮುಂಚೆ ಆಂಟಿಬಯಾಟಿಕ್ ಬೇಕು, ಹೃದಯದ ಡಾಕ್ಟರ್ ಒಪ್ಪಬೇಕು. ಮೊದಲು ಕೆಂಪು ವಾಸಿಯಾಗಲಿ, ರಿಲೈನಿಂಗೋ ಹೊಸ ಸೆಟ್ಟೋ ಆಗಲಿ, ಆರು ತಿಂಗಳ ನಂತರ ಆ ಯೋಚನೆ ಮಾಡಿ.

ಲ್ಯಾಬ್_ಬೆಂಚು

ಡೆಂಟಲ್ ಲ್ಯಾಬಿನ ಕಡೆಯಿಂದ ತೊಳೆಯುವ ಬಗ್ಗೆ. ಲ್ಯಾಬಿಗೆ ಬರುವ ಸೆಟ್ಟುಗಳಲ್ಲಿ ಹಾಳಾಗಿರುವುದರ ಬಹುಪಾಲು ಬೇಸಿನ್ನಿನಲ್ಲಿ ಆದದ್ದು, ಊಟದಲ್ಲಿ ಅಲ್ಲ.

ಬೇಸಿನ್ನಿಗೆ ಅರ್ಧ ನೀರು ತುಂಬಿ ಅಥವಾ ಒಳಗೆ ಟವೆಲ್ ಹಾಸಿ, ಅದರ ಮೇಲೆ ಹಿಡಿದು ತೊಳೆಯಿರಿ. ಕೆಳಗಿನ ಸೆಟ್ ಕುದುರೆಲಾಳದ ಆಕಾರ. ಎರಡು ತುದಿ ಹಿಡಿದು ಮುಷ್ಟಿ ಬಿಗಿದರೆ ನಡುವೆ ಟಕ್ಕನೆ ಮುರಿಯುತ್ತದೆ. ಒಂದು ಬದಿಯನ್ನು ಹಿಡಿದು ಅದೇ ಬದಿಯನ್ನು ಉಜ್ಜಿ, ಆಮೇಲೆ ಇನ್ನೊಂದು ಬದಿ. ಮೆತ್ತನೆ ಬ್ರಷ್, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಅಥವಾ ಸಾದಾ ಸೋಪು. ವಸಡಿಗೆ ತಾಗುವ ಒಳಮೈಯನ್ನು ಮೊದಲು ಉಜ್ಜಬೇಕು. ಜನ ಕಾಣುವ ಹಲ್ಲನ್ನಷ್ಟೇ ಫಳಫಳ ಮಾಡಿ ಒಳಗೆ ಬಿಟ್ಟುಬಿಡುತ್ತಾರೆ, ಫಂಗಸ್ ಇರುವುದೇ ಒಳಗೆ.

ಟೂತ್‌ಪೇಸ್ಟ್ ಬೇಡ. ಅದರಲ್ಲಿರುವ ಉಜ್ಜುವ ಪುಡಿ ನಿಜವಾದ ಹಲ್ಲಿಗೆ ಮಾಡಿದ್ದು, ಅಕ್ರಿಲಿಕ್ ಅದಕ್ಕಿಂತ ಬಹಳ ಮೆದು. ಬೆಳಕಿಗೆ ಹಿಡಿದರೆ ಕೂದಲೆಳೆಯಷ್ಟು ಗೀರುಗಳು ಕಾಣುತ್ತವೆ, ಎಲೆಯಡಿಕೆಯ ಕೆಂಪೂ ಫಂಗಸ್ಸೂ ಕೂರುವುದು ಅವುಗಳಲ್ಲೇ. ಉಪ್ಪು, ಇದ್ದಿಲ ಪುಡಿಯೂ ಹಾಗೆಯೇ. ಕುದಿಯುವ ನೀರಿಗೆ ಹಾಕಿದರೆ ಸೆಟ್ ಸೊಟ್ಟಗಾಗುತ್ತದೆ, ಮತ್ತೆ ನೆಟ್ಟಗೆ ಮಾಡಲಾಗದು.

ರಾತ್ರಿ ಮುಚ್ಚಳವಿರುವ ಡಬ್ಬಿಯಲ್ಲಿ, ಮುಳುಗುವಷ್ಟು ತಣ್ಣೀರು, ದಿನವೂ ಹೊಸ ನೀರು. ಒಣಗಲು ಬಿಟ್ಟರೆ ಆಕಾರ ಕೆಡುತ್ತದೆ. ಫಂಗಸ್ ಇರುವ ಈ ಎರಡು ವಾರ 0.2% ಕ್ಲೋರ್‌ಹೆಕ್ಸಿಡಿನ್‌ನಲ್ಲಿ ದಿನಕ್ಕೆ ಎರಡು ಸಲ 15 ನಿಮಿಷ ನೆನೆಸಿ, ಚೆನ್ನಾಗಿ ತೊಳೆದು ಹಾಕಲಿ. ಸುಣ್ಣದಂಥ ಬಿಳಿ ಕಿಟ್ಟ ಕಟ್ಟಿದ್ದರೆ ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು, ವಾರಕ್ಕೊಂದು ರಾತ್ರಿ. ಚಾಕುವಿನಿಂದ ಕೆರೆಯಬೇಡಿ. ಲೋಹದ ಕೊಕ್ಕೆ ಇರುವ ಸೆಟ್ಟಿಗಾಗಲೀ ಮೆತ್ತನೆ ಪದರ ಹಾಕಿದ ಸೆಟ್ಟಿಗಾಗಲೀ ಬ್ಲೀಚು, ವಿನೆಗರ್ ಎರಡೂ ಬೇಡ.

ಮುರಿದರೆ ಫೆವಿಕ್ವಿಕ್ ಹಾಕಬೇಡಿ. ಆ ಅಂಟಿನ ಪದರ ನಡುವೆ ಕೂತರೆ ತುಂಡುಗಳು ಮತ್ತೆ ಕರಾರುವಾಕ್ಕಾಗಿ ಸೇರುವುದಿಲ್ಲ. ಚೂರುಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಸುತ್ತಿ ಡಾಕ್ಟರಿಗೆ ಕೊಡಿ.

ಅಂಟಿನ ಪುಡಿ ದಿನಕ್ಕೆ ಮೂರು ಸಲ ಅನ್ನುವುದು ಸೆಟ್ಟಿನ ಅಳತೆ ಹೋಗಿದೆ ಎಂಬುದಕ್ಕೆ ಸಾಕ್ಷಿ. ಬಿಟ್ಟುಬಿಡಲಿ.

ದಂತಪಂಕ್ತಿ

ಪುಡಿಯನ್ನು ಪೂರ್ತಿ ಬಿಡಬೇಕೆನ್ನುವುದನ್ನು ನಾನು ಒಪ್ಪುವುದಿಲ್ಲ. ಸರಿಯಾಗಿ ಹೊಂದುವ ಸೆಟ್ಟಿಗೂ ಒಣ ಬಾಯಿಯವರಿಗೆ ಬೆಳಿಗ್ಗೆ ಒಮ್ಮೆ ಅದು ನೆರವಾಗುತ್ತದೆ. ಒದ್ದೆ ಸೆಟ್ಟಿನ ಒಳಮೈಗೆ ತೆಳುವಾಗಿ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ ಕೂರಿಸಬೇಕು. ಕ್ರೀಮಾದರೆ ಮೂರು ಕಡೆ ಚಿಕ್ಕ ಚಿಕ್ಕ ಬೊಟ್ಟು. ಅಂಚಿನಿಂದ ಹೊರಗೆ ಉಕ್ಕಿದರೆ ಹೆಚ್ಚಾಯಿತೆಂದೇ ಅರ್ಥ. ರಾತ್ರಿ ಸೆಟ್ಟಿನಿಂದಲೂ ವಸಡಿನಿಂದಲೂ ಒದ್ದೆ ಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೆಯಬೇಕು. ಜಿಂಕ್ ಇರುವ ಅಂಟನ್ನು ವರ್ಷಗಟ್ಟಲೆ ಹೆಚ್ಚಾಗಿ ಬಳಸಿದರೆ ದೇಹದಲ್ಲಿ ತಾಮ್ರ ಕಡಿಮೆಯಾಗಿ ಕೈಕಾಲು ಜೋಮು ಹಿಡಿಯುವ ನರದೋಷ ಬರಬಹುದು. ಶುಗರಿನ ಕಾಲುರಿ ಇರುವವರಲ್ಲಿ ಇದು ಬೇಗ ಗೊತ್ತಾಗುವುದೂ ಇಲ್ಲ. ಡಬ್ಬಿಯ ಮೇಲೆ ಜಿಂಕ್ ಎಂದಿದೆಯೇ ನೋಡಿ.

ಆರೈಕೆ_ಶಿಫ್ಟ್

ಎಲ್ಲರಿಗೂ ಧನ್ಯವಾದ. ಜೆಲ್ ನಿಂತಿದೆ, ಐಎನ್‌ಆರ್‌ಗೆ ಬೆಳಿಗ್ಗೆಗೆ ಹೇಳಿದ್ದೇನೆ. ಪರೀಕ್ಷೆ ಮಾಡಿದೆ: ಎಡಗಡೆ ಅದುಮಿದರೆ ಬಲಗಡೆ ಏಳುತ್ತದೆ, ಅರ್ಧ ಬಾಯಿ ತೆರೆದಾಗ ಏಳುವುದಿಲ್ಲ, ಗಲ್ಲ ಮೂಗಿನ ಹತ್ತಿರ ಬಂದಂತೆ ಕಾಣುವುದಿಲ್ಲ.

ಅದೇ ಮನೆಯ ತಾತನದೂ ಒಂದು ಪ್ರಶ್ನೆ. 80 ವರ್ಷ, ಪಾರ್ಕಿನ್ಸನ್ಸ್. ಸ್ವಂತ ಹಲ್ಲು 14 ಇವೆ. ವಸಡು ಇಳಿದು ಬುಡ ಕಾಣುವಲ್ಲೆಲ್ಲ ಕಂದುಬಣ್ಣದ ಮೆತ್ತನೆ ಗುಳಿ. ಬಾಯಿ ಒಣಗುತ್ತದೆಂದು ದಿನವಿಡೀ ಪೆಪ್ಪರ್‌ಮಿಂಟ್ ಚೀಪುತ್ತಾರೆ. ಸೊಂಟದ ಮೂಳೆ ಮುರಿದ ಮೇಲೆ ಮೂಳೆ ಸವೆಯದಂತೆ ವರ್ಷಕ್ಕೊಂದು ಜೋಲೆಡ್ರಾನಿಕ್ ಇಂಜೆಕ್ಷನ್, ಎರಡು ಆಗಿವೆ. ಒಂದು ಹಲ್ಲು ಅಲ್ಲಾಡುತ್ತಿದೆ, ಕೀಳಿಸೋಣವೇ?

ಬೇರುಹುಳುಕು

ಪೆಪ್ಪರ್‌ಮಿಂಟೇ ಮೊದಲ ಶತ್ರು. ಹಲ್ಲಿನ ಮೇಲಿನ ಗಟ್ಟಿ ಎನಾಮಲ್ ಕರಗಲು ಬಾಯಿಯ ಪಿಎಚ್ (ಆಮ್ಲದ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) 5.5ರ ಹತ್ತಿರ ಇಳಿಯಬೇಕು. ಬೇರಿಗೆ ಎನಾಮಲ್ ಇಲ್ಲ, ಅದು 6.2-6.7ಕ್ಕೇ ಕರಗಲು ಶುರು. ಆಮ್ಲವನ್ನು ತೊಳೆದುಹಾಕುವ ಜೊಲ್ಲು ಇಲ್ಲದ ಬಾಯಲ್ಲಿ ದಿನವಿಡೀ ಸಕ್ಕರೆ ಇದ್ದರೆ ಬೇರು ನೆನೆದ ಮಣ್ಣಿನ ಹಾಗಾಗುತ್ತದೆ. ಸಕ್ಕರೆ ಹಾಕಿದ ಕಾಫಿಯನ್ನು ಗುಟುಕು ಗುಟುಕಾಗಿ ಗಂಟೆಗಟ್ಟಲೆ ಕುಡಿಯುವುದೂ, ಮಲಗುವ ಮುಂಚಿನ ಕೆಮ್ಮಿನ ಸಿರಪ್ಪೂ ಅಷ್ಟೇ. ನೀರಿನ ಗುಟುಕು ಇರಲಿ, ಚೀಪಲು ಬೇಕೇಬೇಕೆಂದರೆ ಸಕ್ಕರೆ ಇಲ್ಲದ ಜೈಲಿಟಾಲ್ ಗುಳಿಗೆ. ನುಂಗಲು ತಡವರಿಸುವವರಾದರೆ ಗುಳಿಗೆಯೂ ಬೇಡ, ಗಂಟಲಿಗೆ ಸಿಕ್ಕೀತು.

ಗುಳಿಗಳಿಗೆ 38% ಸಿಲ್ವರ್ ಡೈಅಮೈನ್ ಫ್ಲೋರೈಡ್ ಹಚ್ಚಿಸಿ. ಕೊರೆಯುವುದಿಲ್ಲ, ಇಂಜೆಕ್ಷನ್ ಇಲ್ಲ. ಕೈನಡುಕದವರಿಗೆ ಇದಕ್ಕಿಂತ ಸುಲಭದ್ದಿಲ್ಲ. ಹಲ್ಲನ್ನು ಹತ್ತಿಯಿಂದ ಒಣಗಿಸಿ, ತುಟಿಗೆ ವ್ಯಾಸಲಿನ್ ಸವರಿ, ಒಂದು ನಿಮಿಷ ಹಚ್ಚುತ್ತಾರೆ. ಹುಳುಕಿದ ಜಾಗ ಕಾಯಂ ಕಪ್ಪಾಗುತ್ತದೆ, ಮನೆಯವರಿಗೆ ಮೊದಲೇ ಹೇಳಿ. ಕಪ್ಪಾಗಿ ಗಟ್ಟಿಯಾದರೆ ಹುಳುಕು ನಿಂತಿದೆ ಎಂದರ್ಥ. ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ಹಚ್ಚಿಸಬೇಕು.

ಪೇಸ್ಟ್ ಫ್ಲೋರೈಡ್ ಇರುವುದೇ ಆಗಬೇಕು, ಟ್ಯೂಬಿನ ಮೇಲೆ 1000 ಪಿಪಿಎಂ ಹತ್ತಿರದ ಅಂಕಿ ಇರಲಿ. ಪಾವಗಡ, ಮುಂಡರಗಿ, ಕೋಲಾರದ ಕಡೆಯವರು ಬೋರಿನ ನೀರಲ್ಲೇ ಫ್ಲೋರೈಡ್ ಇದೆಯಲ್ಲ ಎಂದು ಕೇಳುತ್ತಾರೆ. ಅಲ್ಲಿ ತೊಂದರೆ ಕುಡಿದು ಮೈಗೆ ಸೇರುವುದರಿಂದ. ಪೇಸ್ಟನ್ನು ಉಗುಳುತ್ತೇವೆ. ಉಗುಳಿದ ಮೇಲೆ ನೀರು ಮುಕ್ಕಳಿಸಬಾರದು, ಆ ಪದರ ಹಲ್ಲಿನ ಮೇಲೆ ಉಳಿಯಬೇಕು.

ಬ್ರಷ್ ಹಿಡಿ ತೆಳುವಾದರೆ ನಡುಗುವ ಕೈಗೆ ನಿಲ್ಲುವುದಿಲ್ಲ. ಸೈಕಲ್ ಹ್ಯಾಂಡಲಿನ ರಬ್ಬರ್ ಹಿಡಿಕೆಯೊಳಗೆ ಬ್ರಷ್ ತೂರಿಸಿ ಬಟ್ಟೆ ತುರುಕಿ ಬಿಗಿ ಮಾಡಿ. ನೀವೇ ಉಜ್ಜುವುದಾದರೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ಹಿಂದೆ ನಿಲ್ಲಿ, ತಲೆ ನಿಮಗೆ ಒರಗಿರಲಿ, ಗಲ್ಲ ತುಸು ಕೆಳಗೆ. ತಲೆ ಹಿಂದಕ್ಕೆ ಬಾಗಿದರೆ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ಪೇಸ್ಟ್ ಬಟಾಣಿಯಷ್ಟು ಸಾಕು. ಬಾಯೊಳಗೆ ಬೆರಳಿಗೆ ಬಟ್ಟೆ ಸುತ್ತಿ ಒರೆಸಬೇಡಿ, ತಟ್ಟನೆ ಕಚ್ಚಿದರೆ ಬಿಡಿಸಿಕೊಳ್ಳುವುದು ಕಷ್ಟ. ರಾತ್ರಿಯ ಉಜ್ಜುವಿಕೆ ತಪ್ಪಿಸಲೇಬೇಡಿ. ಬಾಯಿಯ ಕೊಳೆ ನಿದ್ದೆಯಲ್ಲಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಭಯ ಪಾರ್ಕಿನ್ಸನ್ಸ್ ಇರುವವರಿಗೆ ಹೆಚ್ಚು.

ಅಲ್ಲಾಡುವ ಹಲ್ಲನ್ನು ದಾರ ಕಟ್ಟಿ ಕೀಳುವುದು, ಕ್ಯಾಂಪಿನಲ್ಲಿ ಕೀಳಿಸುವುದು ಎರಡೂ ಬೇಡ. ಜೋಲೆಡ್ರಾನಿಕ್ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಕಿತ್ತ ಗುಳಿ ಮುಚ್ಚದೆ ದವಡೆಯ ಮೂಳೆ ಬರಿದಾಗಿ ನಿಲ್ಲಬಹುದು. ಮೂಳೆ ಸವೆತಕ್ಕೆ ವರ್ಷಕ್ಕೊಂದು ಕೊಡುವ ಪ್ರಮಾಣದಲ್ಲಿ ಈ ಅಪಾಯ ಚಿಕ್ಕದು, ಕ್ಯಾನ್ಸರಿಗೆ ತಿಂಗಳು ತಿಂಗಳು ಕೊಡುವುದರಲ್ಲಿ ದೊಡ್ಡದು. ಹಾಗೆಂದು ಕೀವಿರುವ ಹಲ್ಲನ್ನು ಬಾಯಲ್ಲೇ ಬಿಡುವುದೂ ಅಷ್ಟೇ ಅಪಾಯ. ಇಂಜೆಕ್ಷನ್ ಆದ ತಾರೀಖುಗಳನ್ನು ಬರೆದುಕೊಂಡು ದಂತ ಕಾಲೇಜಿನ ಸರ್ಜರಿ ವಿಭಾಗಕ್ಕೆ ಕರೆದೊಯ್ಯಿರಿ. ಎಕ್ಸ್‌ರೇ ನೋಡಿ ಬೇರು ಚಿಕಿತ್ಸೆಯೋ ಕೀಳುವುದೋ ಅವರು ಹೇಳಲಿ. ಕಿತ್ತ ಎಂಟು ವಾರದ ಮೇಲೂ ಮೂಳೆ ಕಂಡರೆ ಮತ್ತೆ ಅಲ್ಲಿಗೇ.

ಮುದ್ದೆ_ಸೊಪ್ಪು

ಊಟದ ಬಗ್ಗೆ ಯಾರೂ ಹೇಳಲಿಲ್ಲ. ಚಿಕಿತ್ಸೆಯ ಈ ಎರಡು ವಾರ ರಾಗಿಮುದ್ದೆ ವರವೇ, ಅಗಿಯುವ ಹಂಗಿಲ್ಲ. ಆದರೆ ಮುದ್ದೆ, ತಿಳಿಸಾರಿನಲ್ಲೇ ದಿನ ಕಳೆದರೆ ಕಾಳು, ಸೊಪ್ಪು ಎರಡೂ ತಪ್ಪುತ್ತವೆ, ಹಿರಿಯರು ಸೊರಗುವುದು ಹೀಗೆ. ಬಸ್ಸಾರಿನ ಕಾಳು, ಸೊಪ್ಪನ್ನು ಬಸಿದು ಪಲ್ಯಕ್ಕೆ ಎತ್ತಿಡದೆ ಅರ್ಧ ಭಾಗ ಅರೆದು ಸಾರಿಗೇ ಸೇರಿಸಿ. ಹೆಸರುಬೇಳೆ, ಮೊಟ್ಟೆ, ಮೊಸರು ದಿನವೂ ಇರಲಿ.

ಸೆಟ್ ಸರಿಯಾದ ಮೇಲೆ ಚಿಕ್ಕ ತುತ್ತನ್ನು ಎರಡು ಪಾಲು ಮಾಡಿ ಎರಡೂ ಬದಿಗೆ ಇಟ್ಟು ಅಗಿಯಲಿ. ಒಂದೇ ಬದಿಯಲ್ಲಿ ಅಗಿದರೆ ಇನ್ನೊಂದು ಬದಿ ಏಳುತ್ತದೆ. ಸೀಬೆಹಣ್ಣನ್ನು ಮುಂದಿನ ಹಲ್ಲಲ್ಲಿ ಕಚ್ಚದೆ ಹೆಚ್ಚಿ ಕೊಡಿ. ಖಡಕ್ ರೊಟ್ಟಿ ಸಾರಲ್ಲಿ ನೆನೆಯಲಿ. ಅಂಗುಳ ಮುಚ್ಚಿರುವುದರಿಂದ ಮೀನಿನ ಮುಳ್ಳು, ಕಾಫಿಯ ಬಿಸಿ ಬಾಯಿಗೆ ತಿಳಿಯುವುದಿಲ್ಲ, ಮುಳ್ಳು ಬಿಡಿಸಿಯೇ ಬಡಿಸಿ.

ಕುಟ್ಟಾಣಿಯಲ್ಲಿ ಎಲೆಯಡಿಕೆ ಕುಟ್ಟಿ ದವಡೆಗೆ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2004ರಲ್ಲೇ ವರ್ಗೀಕರಿಸಿದೆ.

ದಂತಪಂಕ್ತಿ

ನೀವು ಕೊಟ್ಟ ಪರೀಕ್ಷೆಯ ಫಲ ನೋಡಿದರೆ ರಿಲೈನಿಂಗ್ ಸಾಕಾಗುವ ಲಕ್ಷಣ, ಬಾಯಿ ನೋಡಿದ ಡಾಕ್ಟರೇ ಖಚಿತ ಮಾಡಬೇಕು. ಸೆಟ್ಟಿನೊಳಗೇ ಅಳತೆ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಬೆಳಿಗ್ಗೆ ಕೊಟ್ಟರೆ ಸಂಜೆ ಅಥವಾ ಮರುದಿನ ವಾಪಸ್, ಆ ಹೊತ್ತಿಗೆ ಮೆತ್ತನೆ ಊಟ ಇಟ್ಟುಕೊಳ್ಳಿ. ಮುಂದೆ ಹೊಸ ಸೆಟ್ಟೇ ಬೇಕಾಗಿ ಬಿಪಿಎಲ್ ಕಾರ್ಡ್ ಇದ್ದರೆ, ಸರ್ಕಾರದ ದಂತಭಾಗ್ಯ ಯೋಜನೆಯಲ್ಲಿ ದಂತ ಕಾಲೇಜುಗಳ ಮೂಲಕ ಉಚಿತ ಸೆಟ್ ಕೊಡುವ ಏರ್ಪಾಡು ಇದೆ, ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಕೇಳಿ.

ರಿಲೈನಿಂಗ್ ಆದ ಮೇಲೆ ಒಂದೆರಡು ಕಡೆ ಒತ್ತಿ ಹುಣ್ಣಾಗುವುದು ಸಹಜ. ನೋವೆಂದು ಸೆಟ್ ತೆಗೆದಿಟ್ಟು ನಾಲ್ಕು ದಿನ ಬಿಟ್ಟು ಬಂದರೆ ಹುಣ್ಣು ಮಾಯ್ದು ಗುರುತೇ ಸಿಗುವುದಿಲ್ಲ, ಡಾಕ್ಟರ್ ಊಹೆಯ ಮೇಲೆ ಉಜ್ಜಬೇಕಾಗುತ್ತದೆ. ತೋರಿಸುವ ಹಿಂದಿನ ದಿನ ಕೆಲವು ಗಂಟೆಯಾದರೂ ಹಾಕಿಕೊಂಡಿರಲಿ. ಮನೆಯಲ್ಲಿ ಅರದಿಂದ ಉಜ್ಜಬೇಡಿ. ಒತ್ತುವ ಜಾಗ ಸರಿಮಾಡಿಸಿದ ಎರಡು ವಾರದಲ್ಲಿ ಹುಣ್ಣು ಮಾಯಬೇಕು. ಮಾಯದಿದ್ದರೆ, ಅಂಚು ಗಟ್ಟಿಯಾಗಿದ್ದರೆ, ಮುಟ್ಟಿದರೆ ನೋವಿಲ್ಲದಿದ್ದರೂ ಸರಿ, ಬಯಾಪ್ಸಿ ಮಾಡಿಸಿ. ಬೆಂಗಳೂರಿನ ಸುತ್ತಮುತ್ತ ಇದ್ದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ನೇರ ಹೋಗಬಹುದು.

ರಾತ್ರಿ ಸೆಟ್ ತೆಗೆಯಲು ಅಜ್ಜಿಗೆ ಸಂಕೋಚ ಅಂದಿರಿ. ದೀಪ ಆರಿಸಿದ ಮೇಲೆ ಕೈಗೆಟುಕುವ ಡಬ್ಬಿಗೆ ಅವರೇ ಹಾಕಿಕೊಳ್ಳಲಿ, ಬೆಳಿಗ್ಗೆ ಯಾರೂ ಕೋಣೆಗೆ ಬರುವ ಮುಂಚೆ ಹಾಕಿಕೊಳ್ಳಲಿ. ಆರರಿಂದ ಎಂಟು ಗಂಟೆ ವಸಡಿಗೆ ಗಾಳಿ ಸಿಕ್ಕರೆ ಸಾಕು. ಡಬ್ಬಿ ತಲೆದಿಂಬಿನ ಪಕ್ಕದಲ್ಲೇ ಇರಲಿ, ಟಿಶ್ಯೂ ಪೇಪರಿನಲ್ಲಿ ಸುತ್ತಿಟ್ಟರೆ ಬೆಳಿಗ್ಗೆ ಕಸದ ಜೊತೆ ಹೋಗಿಬಿಡುತ್ತದೆ.